ಚಂಡೆ ಕೇಳಿದ ಕಿವಿಗೆ ಯಂತ್ರದ ನಾದ

ಸಾಹಿತ್ಯವಿಲ್ಲ, ಪಲ್ಲವಿಯಿಲ್ಲ, ಎಷ್ಟೋ ಸಲ ಹಿಡಿದುಕೊಳ್ಳಲು ತಾಳವೂ ಇಲ್ಲ. ಹತ್ತಿಪ್ಪತ್ತು ನಿಮಿಷ ಒಂದೇ ಸ್ವರ ಗುಂಯ್‌ಗುಡುತ್ತಿರುತ್ತದೆ. ಇಲ್ಲವೇ ಮುರಿದ ಲಯಗಳು ಒಂದರ ಬೆನ್ನಿಗೆ ಒಂದು ಬಿದ್ದು ಓಡುತ್ತವೆ. ಪ್ರಯೋಗಶೀಲ ಎಲೆಕ್ಟ್ರಾನಿಕ್ ಸಂಗೀತವನ್ನು ಮೊದಲ ಸಲ ಕೇಳಿದ ಕುಂದಾಪುರದವರು "ಇದೆಂತ ಗಲಾಟಿ ಮಾರಾಯಾ" ಎಂದರೆ ಅದರಲ್ಲಿ ತಪ್ಪೇನಿಲ್ಲ. ಈ ಸಂಗೀತ ಹುಟ್ಟಿದ ಊರುಗಳಲ್ಲೂ ಜನ ಮೊದಲು ಅದನ್ನೇ ಅಂದರು. ದೊಡ್ಡ ಕಂಪನಿ, ಸಿನಿಮಾ, ಟಿ.ವಿ. ಯಾವುದರ ಹಂಗೂ ಇಲ್ಲದೆ ಸಣ್ಣ ಲೇಬಲ್‌ಗಳಲ್ಲಿ, ನೆಲಮಾಳಿಗೆಯ ಕ್ಲಬ್ಬುಗಳಲ್ಲಿ, ಗೆಳೆಯರ ಕೈಯಿಂದ ಕೈಗೆ ಸಾಗುವ ಅದರ ಬಳಗಕ್ಕೆ ಅಂಡರ್‌ಗ್ರೌಂಡ್ ಎಂದು ಹೆಸರು. ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಕೇಳುಗರಿಗೆ ಇದು ಯಾವ ದಾರಿಯಿಂದ ಸಿಗುತ್ತದೆ, ಆ ದಾರಿ ಎಲ್ಲಿಗೆ ಮುಗಿದುಹೋಗುತ್ತದೆ ಎಂದು ನೋಡುವುದು ಈ ಲೇಖನದ ಕೆಲಸ. ನನ್ನ ನಂಬಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ: ಇಲ್ಲಿನ ಕಿವಿ ಈ ಸಂಗೀತಕ್ಕೆ ಬಹಳ ಹಿಂದಿನಿಂದಲೇ ಹದವಾಗಿದೆ. ಇಲ್ಲದಿರುವುದು ಕೂತು ಕೇಳುವ ಜಾಗ, ಕೇಳಿಸುವ ಜನ.

ಜಗತ್ತಿನ ಕಥೆಯನ್ನು ಬೇಗ ಹೇಳಿ ಮುಗಿಸಬಹುದು. 1948ರಲ್ಲಿ ಪ್ಯಾರಿಸ್ ಬಾನುಲಿಯ ಎಂಜಿನಿಯರ್ ಪಿಯರ್ ಶೆಫರ್ ರೈಲಿನ ಸದ್ದುಗಳನ್ನು ಮುದ್ರಿಸಿಕೊಂಡು, ಅವನ್ನು ಮರಳಿ ಮರಳಿ ತಿರುಗಿಸಿ ಒಂದು ಕೃತಿ ಮಾಡಿದ. ಕೆಲವೇ ವರ್ಷಗಳಲ್ಲಿ ಜರ್ಮನಿಯ ಕಲೋನ್ ಬಾನುಲಿಯ ಸ್ಟುಡಿಯೊದಲ್ಲಿ ಶುದ್ಧ ವಿದ್ಯುತ್ ತರಂಗಗಳಿಂದಲೇ ಸಂಗೀತ ಕಟ್ಟತೊಡಗಿದರು. 1964ರ ಹೊತ್ತಿಗೆ ಅಮೆರಿಕದಲ್ಲಿ ರಾಬರ್ಟ್ ಮೋಗ್ ಸಿಂಥಸೈಜರನ್ನು ರೂಪಿಸಿದ. ಎಂಬತ್ತರ ದಶಕದಲ್ಲಿ ಷಿಕಾಗೊ ಮತ್ತು ಡೆಟ್ರಾಯಿಟ್‌ನ ಕಪ್ಪು ಯುವಕರು ಅಗ್ಗಕ್ಕೆ ಸಿಕ್ಕ ಜಪಾನಿ ಯಂತ್ರಗಳಲ್ಲಿ ಹೌಸ್, ಟೆಕ್ನೊ ಎಂಬ ಕುಣಿತದ ಸಂಗೀತ ಹುಟ್ಟಿಸಿದರು. ಇವತ್ತಿನ ನೂರಾರು ಕವಲುಗಳು ಹೊರಟದ್ದು ಈ ಎರಡು ಬೇರುಗಳಿಂದ, ಒಂದು ಸರ್ಕಾರಿ ಸ್ಟುಡಿಯೊ, ಇನ್ನೊಂದು ಬಡವರ ಬೀದಿ.

ಭಾರತದ ಕಥೆ ಹಾಗಲ್ಲ, ಅದನ್ನು ನಿಧಾನವಾಗಿ ಹೇಳಬೇಕು. 1946ರಲ್ಲಿ ಅಹಮದಾಬಾದಿನ ಗೀತಾ ಸಾರಾಭಾಯಿ ನ್ಯೂಯಾರ್ಕಿನಲ್ಲಿ ಜಾನ್ ಕೇಜ್ ಎಂಬ ಸಂಯೋಜಕನಿಗೆ ಭಾರತೀಯ ಸಂಗೀತ ಹೇಳಿಕೊಟ್ಟರು. ಮುಂದೆ ಮೌನವನ್ನೇ ಕೃತಿಯಾಗಿಸಿದ ಕೇಜ್ ಇವನೇ. ಅದೇ ನಂಟಿನ ಮುಂದುವರಿಕೆಯಾಗಿ 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಕೇಜ್‌ನ ಒಡನಾಡಿ ಡೇವಿಡ್ ಟ್ಯೂಡರ್ ಒಂದು ಮೋಗ್ ಸಿಂಥಸೈಜರ್ ಜೋಡಿಸಿದ. ಗೀತಾ ಸಾರಾಭಾಯಿ, ಐ.ಎಸ್. ಮಾಥುರ್, ಅತುಲ್ ದೇಸಾಯಿ, ಎಸ್.ಸಿ. ಶರ್ಮಾ, ಆಗಿನ್ನೂ ಎಳೆಯ ಹುಡುಗನಾಗಿದ್ದ ಜಿನರಾಜ್ ಜೋಶಿಪುರ ಅದರಲ್ಲಿ ಕೃತಿಗಳನ್ನು ಮಾಡಿದರು. ಕೆಲವೇ ವರ್ಷಗಳಲ್ಲಿ ಸ್ಟುಡಿಯೊ ನಿಂತಿತು, ಟೇಪುಗಳು ಸಂಸ್ಥೆಯ ದಾಸ್ತಾನಿಗೆ ಸೇರಿದವು. ಬ್ರಿಟನ್ನಿನ ಕಲಾವಿದ ಪಾಲ್ ಪುರ್ಗಾಸ್ ಅವನ್ನು ಹುಡುಕಿ ತೆಗೆದು, ಶುಚಿಗೊಳಿಸಿ, 2023ರಲ್ಲಿ ಆಲ್ಬಮ್ ಆಗಿ ಹೊರತಂದದ್ದು ಅರ್ಧ ಶತಮಾನದ ನಂತರ.

ಚರಣ್‌ಜಿತ್ ಸಿಂಗ್ ಅವರದೂ ಅದೇ ಪಾಡು. ಮುಂಬಯಿಯ ಸಿನಿಮಾ ವಾದ್ಯವೃಂದಗಳಲ್ಲಿ ದುಡಿದ ಈ ಕಲಾವಿದ 1982ರಲ್ಲಿ ರೋಲ್ಯಾಂಡ್ ಕಂಪನಿಯ ಮೂರು ಯಂತ್ರಗಳನ್ನು ಇಟ್ಟುಕೊಂಡು ಭೈರವ್, ಲಲಿತ್, ತೋಡಿ, ಮಾಲಕೌಂಸ್ ಮೊದಲಾದ ಹತ್ತು ರಾಗಗಳನ್ನು ಡಿಸ್ಕೊ ಲಯಕ್ಕೆ ಕೂರಿಸಿದರು. ಐದು ವರ್ಷಗಳ ನಂತರ ಷಿಕಾಗೊದ ಫ್ಯೂಚರ್ ತಂಡ ಆ ಮೂರರಲ್ಲಿ ಒಂದಾದ ಬೇಸ್ ಯಂತ್ರದಿಂದಲೇ ಆಸಿಡ್ ಹೌಸ್ ಎಂಬ ಹೊಸ ಬಗೆಯನ್ನೇ ತೆರೆಯಿತು. ಸಿಂಗ್ ಅವರ ಗ್ರಾಮಫೋನ್ ತಟ್ಟೆಯನ್ನು ಆಗ ಕೇಳಿದವರು ಬಹಳ ಕಡಿಮೆ. ಡಚ್ ಸಂಗ್ರಾಹಕನೊಬ್ಬನ ಕೈಗೆ ಅದು ಸಿಕ್ಕಿ 2010ರಲ್ಲಿ ಮರುಮುದ್ರಣವಾದ ಮೇಲೆ ಎಪ್ಪತ್ತರ ಹತ್ತಿರದ ಸಿಂಗ್ ಅವರನ್ನು ಯುರೋಪಿನ ವೇದಿಕೆಗಳು ಕರೆದವು. 2015ರಲ್ಲಿ ಅವರು ತೀರಿಕೊಂಡರು.

ಈ ಎರಡೂ ಕಥೆಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಸಂಗತಿ ಒಂದೇ. ಸಂಗೀತ ಇತ್ತು; ಅದನ್ನು ಪೆಟ್ಟಿಗೆಯಿಂದ ಎತ್ತಿ ಇನ್ನೊಬ್ಬರಿಗೆ ಕೊಡುವ ಕೈ ಇರಲಿಲ್ಲ. ಆ ಕೈ ನಮ್ಮ ಕರಾವಳಿಯಲ್ಲಿ ಒಂದು ಕಾಲದಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಗುಂಡ್ಮಿಯ ಕಾಳಿಂಗ ನಾವಡರ ಯಕ್ಷಗಾನ ಭಾಗವತಿಕೆ ಹಬ್ಬಿದ್ದು ಹಾಗೆ. ಸಾಲಿಗ್ರಾಮ ಮೇಳದ ರಂಗಸ್ಥಳದ ಬದಿಯಲ್ಲಿ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂರುತ್ತಿದ್ದ ಅಭಿಮಾನಿಗಳಿದ್ದರು. ಆ ಕ್ಯಾಸೆಟ್ಟಿನ ಪ್ರತಿ, ಪ್ರತಿಯ ಪ್ರತಿ, ಮುಂಬಯಿಯ ಹೋಟೆಲುಗಳವರೆಗೂ ಹೋಗುತ್ತಿತ್ತು. ಪ್ರತಿ ತೆಗೆದಷ್ಟೂ ಟೇಪಿನ ಬುಸುಗುಡುವಿಕೆ ಹೆಚ್ಚಿ ಚಂಡೆ ಮಸುಕಾಗುತ್ತಿತ್ತು, ಕೇಳುವವರಿಗೆ ಅದರ ಗೊಡವೆ ಇರಲಿಲ್ಲ. ರೂಢಿಯಲ್ಲಿಲ್ಲದ ರಾಗಗಳನ್ನು ಆಟಕ್ಕೆ ತಂದ ನಾವಡರು 1990ರಲ್ಲಿ ಅಪಘಾತದಲ್ಲಿ ತೀರಿಕೊಂಡಾಗ ವಯಸ್ಸು ಇನ್ನೂ ಮೂವತ್ತರ ಆಸುಪಾಸು. ಅವರ ಧ್ವನಿ ಉಳಿದದ್ದರಲ್ಲಿ ಆ ಹೆಸರಿಲ್ಲದ ಟೇಪುಗಾರರ ಪಾಲು ದೊಡ್ಡದು. ಅದೇ ವರ್ಷಗಳಲ್ಲಿ, ಇದೇ ಕಡಲಿನ ಉತ್ತರಕ್ಕೆ, ಗೋವಾದ ಅಂಜುನಾ ತೀರದಲ್ಲಿ ಡಿಜೆಗಳು ಬಿಸಿಲಿಗೆ ಸೊಟ್ಟಗಾಗುವ ತಟ್ಟೆಗಳನ್ನು ಬಿಟ್ಟು ಕ್ಯಾಸೆಟ್ಟುಗಳಿಂದಲೇ ರಾತ್ರಿಯಿಡೀ ಸಂಗೀತ ನುಡಿಸುತ್ತಿದ್ದರು. ಮುಂದೆ ಜಗತ್ತು ಗೋವಾ ಟ್ರಾನ್ಸ್ ಎಂದು ಕರೆದದ್ದು ಅದನ್ನು. ಎರಡೂ ಕಡೆ ಪ್ರಸಾರದ ದಾರಿ ಒಂದೇ, ಅಂಗಡಿಗೆ ಬಾರದ ಟೇಪು ಮತ್ತು ನಂಬಿಕೆಯ ಗೆಳೆಯ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ ಮೇಲೆ ಗೋವಾ ಬೈಂದೂರಿಗೆ ಅರ್ಧ ದಿನಕ್ಕಿಂತ ಹತ್ತಿರವಾಯಿತು, ಗೋಕರ್ಣದ ತೀರಗಳು ಇನ್ನೂ ಹತ್ತಿರ. ಆದರೂ ಆ ಕಡಲಬದಿಯ ಕೂಟಗಳು ಪ್ರವಾಸಿಗರ ಕೂಟಗಳಾಗಿಯೇ ಉಳಿದವು. ಊರವರಿಗೆ ಅಲ್ಲಿ ಸಿಕ್ಕಿದ್ದು ಹೆಚ್ಚೆಂದರೆ ಚಹಾ ಮಾರುವ, ಕೋಣೆ ಬಾಡಿಗೆಗೆ ಕೊಡುವ ಕೆಲಸ.

ಕಿವಿ ಹದವಾಗಿದೆ ಎಂದೆನಲ್ಲ, ಅದನ್ನು ಇನ್ನಷ್ಟು ಬಿಡಿಸಿ ಹೇಳಬೇಕು. ಬಡಗುತಿಟ್ಟಿನ ಹಾರಾಡಿ, ಮಟ್ಪಾಡಿ ಪರಂಪರೆಗಳು ಬೆಳೆದದ್ದು ಬ್ರಹ್ಮಾವರದ ಸುತ್ತಮುತ್ತ. ಮಂದಾರ್ತಿ, ಮಾರಣಕಟ್ಟೆ ಮೇಳಗಳ ಹರಕೆ ಆಟಗಳು ಇಂದಿಗೂ ನಡೆಯುತ್ತವೆ. ಬೆಳಗಿನವರೆಗಿನ ಆಟ ನೋಡಿದವರಿಗೆ ಗೊತ್ತು, ರಾತ್ರಿ ಎರಡರ ನಂತರ ಕೇಳುವ ಬಗೆಯೇ ಬೇರೆ. ಅರೆನಿದ್ದೆಯಲ್ಲಿ ಕಥೆ ಕೈಬಿಟ್ಟು ಹೋಗುತ್ತದೆ, ಮೈಗೆ ತಾಗುವುದು ಶ್ರುತಿ ಮತ್ತು ಲಯ ಮಾತ್ರ. ಒಡ್ಡೋಲಗದ ಚಂಡೆ ಬಂದಾಗ ಎಲ್ಲರೂ ಒಟ್ಟಿಗೆ ಎಚ್ಚರಾಗುತ್ತಾರೆ. ಬರ್ಲಿನ್ನಿನ ಟೆಕ್ನೊ ರಾತ್ರಿಗಳು ನಿಂತಿರುವುದು ಈ ದಣಿವು ಮತ್ತು ಎಚ್ಚರದ ಲೆಕ್ಕಾಚಾರದ ಮೇಲೆಯೇ. ವೇಷಧಾರಿಯ ಹುರುಪು, ಸಭೆಯ ಮನಸ್ಸು ನೋಡಿ ಪದವನ್ನು ಹಿಗ್ಗಿಸುವ, ಕುಗ್ಗಿಸುವ ಭಾಗವತರಿಗೆ ಒಳ್ಳೆಯ ಡಿಜೆಯ ಕೆಲಸವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಶ್ರುತಿಯ ವಿಷಯವೂ ಹಾಗೆಯೇ. ಆಟದಲ್ಲಿ ಮೊದಲು ಸೋರೆಬುರುಡೆಯ ಪುಂಗಿ ಇತ್ತು, ಆಮೇಲೆ ಹಾರ್ಮೋನಿಯಂ ಬಂತು, ಈಗ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ. ಈ ಪೆಟ್ಟಿಗೆಯನ್ನು ಮನೆಮಾತಾಗಿಸಿದ್ದು ಕರ್ನಾಟಕವೇ. ಎಂಜಿನಿಯರೂ ಕೊಳಲು ವಾದಕರೂ ಆದ ಜಿ. ರಾಜ್ ನಾರಾಯಣ್ 1979ರಲ್ಲಿ ಬೆಂಗಳೂರಿನಲ್ಲಿ ರಾಡೆಲ್ ಸಂಸ್ಥೆ ಆರಂಭಿಸಿದರು. ಅವರ ಶ್ರುತಿ ಪೆಟ್ಟಿಗೆ, ತಂಬೂರಿ, ತಾಳ ಯಂತ್ರಗಳು ದೇವಸ್ಥಾನದ ಭಜನೆಯಿಂದ ವಿದೇಶದ ಕಛೇರಿಯವರೆಗೆ ಹೋಗಿವೆ. ಒಂದು ಸ್ವರವನ್ನು ಎಡೆಬಿಡದೆ ಹಿಡಿದು ನಿಲ್ಲಿಸುವ ವಿದ್ಯುತ್ ಯಂತ್ರವನ್ನು ಪ್ರಯೋಗ ಎಂದು ನಾವು ಯಾವತ್ತೂ ಕರೆಯಲಿಲ್ಲ, ಅಷ್ಟು ಸಹಜವಾಗಿ ಅದನ್ನು ಮನೆಯೊಳಗೆ ಕರೆದುಕೊಂಡೆವು. ಫ್ರಾನ್ಸಿನ ಎಲಿಯಾನ್ ರಾಡಿಗ್ ದಶಕಗಳ ಕಾಲ ಒಂದೇ ಸಿಂಥಸೈಜರಿನ ಮುಂದೆ ಕೂತು, ಗಂಟೆಗಟ್ಟಲೆ ಸಾಗುವ ಒಂದೇ ನಾದದೊಳಗಿನ ಸಣ್ಣ ಚಲನೆಗಳನ್ನು ಹಿಡಿದರು. ಪಾಶ್ಚಾತ್ಯ ಕೇಳುಗರಿಗೆ ಅವರ ಕೃತಿ ಕಷ್ಟ ಎನ್ನುತ್ತಾರೆ. ತಂಬೂರಿಯ ಜೀವಾಳಿಯನ್ನು ಕೇಳಿ ಬೆಳೆದ ನಮ್ಮ ಸಂಗೀತ ವಿದ್ಯಾರ್ಥಿಗಳಿಗೆ ಅದು ಅಷ್ಟು ಕಷ್ಟವಾಗಬಾರದು.

ಇನ್ನೊಂದು ಉದಾಹರಣೆ ಕುಡುಬಿಯರ ಹೋಳಿ ಕುಣಿತದ ಗುಮಟೆ. ಮಣ್ಣಿನ ಪಾತ್ರೆಯ ಒಂದು ಬಾಯಿಗೆ ಚರ್ಮ ಬಿಗಿದಿರುತ್ತದೆ. ಇನ್ನೊಂದು ಬಾಯಿಯನ್ನು ಅಂಗೈಯಿಂದ ಮುಚ್ಚಿ ತೆರೆದು ಪೆಟ್ಟಿನ ಬಣ್ಣವನ್ನೇ ಬದಲಿಸುತ್ತಾರೆ. ಚರಣ್‌ಜಿತ್ ಸಿಂಗ್ ಬಳಸಿದ ಬೇಸ್ ಯಂತ್ರದ ಗುಂಡಿ ತಿರುಗಿಸಿದಾಗ ಸ್ವರ ಮುಚ್ಚಿ ತೆರೆದಂತೆ ಕೇಳಿಸುವುದೂ ಇಂಥದೇ ಆಟ. ಅಲ್ಲಿ ವಿದ್ಯುತ್ ಸೋಸುವ ಸರ್ಕ್ಯೂಟ್, ಇಲ್ಲಿ ಗಾಳಿ ತುಂಬಿದ ಮಡಕೆ ಮತ್ತು ಅಂಗೈ.

ಈ ನೆಲದಲ್ಲಿ ಪ್ರಯೋಗಕ್ಕೂ ಹಿರಿಯರಿದ್ದಾರೆ. ಈಗ ಬ್ರಹ್ಮಾವರ ತಾಲೂಕಿಗೆ ಸೇರಿದ ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ತಮ್ಮ ಯಕ್ಷರಂಗದ ಪ್ರಯೋಗಗಳಲ್ಲಿ ಮಾತನ್ನು ಬಿಟ್ಟು ಹಾಡು ಮತ್ತು ಕುಣಿತವನ್ನೇ ಮುಂದಿಟ್ಟರು, ಹಿಮ್ಮೇಳಕ್ಕೆ ಪಿಟೀಲು ಮತ್ತು ಸ್ಯಾಕ್ಸೊಫೋನನ್ನು ಸೇರಿಸಿದರು. ಬೈಗುಳವನ್ನೂ ತಿಂದರು. ಯಕ್ಷಗಾನದ ಸಂಗೀತಕ್ಕೆ ತನ್ನದೇ ಧಾಟಿ ಇದೆ, ಅದನ್ನು ಕಛೇರಿಗೆ ಒಪ್ಪಿಸಬಾರದು ಎಂದು ಹಟ ಹಿಡಿದವರೂ ಅವರೇ. ಹಳೆಯದರ ಮೇಲೆ ಅಷ್ಟು ಕಾಳಜಿ ಇದ್ದವರೇ ಹೊಸ ವಾದ್ಯವನ್ನು ಒಳಗೆ ಬಿಟ್ಟದ್ದು ನನಗೆ ಬಹಳ ಮುಖ್ಯವೆನಿಸುತ್ತದೆ. ಅವರ ಕೈಗೆ ಸಿಂಥಸೈಜರ್ ಸಿಕ್ಕಿದ್ದರೆ ಏನು ಮಾಡುತ್ತಿದ್ದರೋ!

ಇಷ್ಟೆಲ್ಲ ಇದ್ದೂ ಇಂದಿನ ಹುಡುಗರಿಗೆ ಎಲೆಕ್ಟ್ರಾನಿಕ್ ಸಂಗೀತ ಮೊದಲು ಸಿಗುವುದು ಮೆಹಂದಿಯ ಡಿಜೆಯಲ್ಲಿ. ಮದುವೆಯ ಹಿಂದಿನ ರಾತ್ರಿ, ಗಣೇಶನ ವಿಸರ್ಜನೆ, ಶಾರದೋತ್ಸವದ ಮೆರವಣಿಗೆ, ಎಲ್ಲ ಕಡೆ ಎತ್ತರದ ಬಾಕ್ಸ್‌ಗಳು. ಇದನ್ನು ಹಿರಿಯರು ಪಿಡುಗು ಎನ್ನುತ್ತಾರೆ. ಮುದುಕರ, ಎಳೆಮಕ್ಕಳ ಕಷ್ಟ ನಿಜ, 2000ದ ಶಬ್ದ ಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಕೂಡದು ಎಂದದ್ದೂ ನ್ಯಾಯವೇ. ಅದೇ ನಿಯಮ ಆಟದ ಮೇಳಗಳನ್ನೂ ಕಾಲಮಿತಿಗೆ ತಳ್ಳಿತೆಂಬ ನೋವು ಬೇರೆ. ಆದರೆ ಡಿಜೆಯನ್ನು ಬರೀ ಗದ್ದಲವೆಂದು ತಳ್ಳಿಹಾಕುವವರೊಂದಿಗೆ ನಾನಿಲ್ಲ. ಹಳೆಯ ಮೈಕ್ ಸೆಟ್ಟಿನ ತಗಡಿನ ಹಾರ್ನ್ ಮಂದ್ರವನ್ನು ತಿಂದುಹಾಕುತ್ತಿತ್ತು. 50 ಹರ್ಟ್ಸ್‌ನ ಸದ್ದು ಕಿವಿಗಿಂತ ಮೊದಲು ಎದೆಗೆ ತಾಗುತ್ತದೆ ಎಂಬುದನ್ನು ಊರಿನ ಜನ ಅರಿತದ್ದು ಈ ಬಾಕ್ಸ್‌ಗಳಿಂದ. ಜಮೈಕದಲ್ಲಿ ಬೀದಿಗೆ ತಂದಿಟ್ಟ ಇಂಥ ಪೆಟ್ಟಿಗೆಗಳಿಂದಲೇ ಡಬ್ ಎಂಬ ಅದ್ಭುತ ಪ್ರಯೋಗ ಹುಟ್ಟಿತು. ನಮ್ಮಲ್ಲಿ ಪೆಟ್ಟಿಗೆ ಬಂದಿದೆ, ಅದರಲ್ಲಿ ನುಡಿಸುವುದು ಮಾತ್ರ ಎಲ್ಲ ಕಡೆ ಅದೇ ಹತ್ತಿಪ್ಪತ್ತು ಸಿನಿಮಾ ಹಾಡುಗಳ ರೀಮಿಕ್ಸ್.

ಸಿನಿಮಾ ಇನ್ನೊಂದು ಬಾಗಿಲು, ಮತ್ತು ಅದು ಕುಂದಾಪುರದಲ್ಲಿ ಅಗಲವಾಗಿಯೇ ತೆರೆದಿದೆ. ವಾರಾಹಿ ದಂಡೆಯ ಹಳೆಯ ಬಂದರು ಬಸ್ರೂರಿನಲ್ಲಿ ರವಿ ಬಸ್ರೂರು ಅವರ ಸ್ಟುಡಿಯೊ ಇದೆ. 2014ರ 'ಉಗ್ರಂ', 2018 ಮತ್ತು 2022ರ 'ಕೆಜಿಎಫ್' ಭಾಗಗಳ ಸದ್ದು ಇಡೀ ದೇಶಕ್ಕೆ ಹೋಯಿತು. ಶಿಲ್ಪ ಕೆತ್ತನೆಯ ಕೆಲಸದಿಂದ ಬಂದ ಸಂಗೀತಗಾರ ಹಳ್ಳಿಯಲ್ಲಿ ಕೂತು ಕಂಪ್ಯೂಟರಿನಲ್ಲಿ ಇಷ್ಟನ್ನು ಕಟ್ಟಬಹುದೆಂಬ ಒಂದೇ ಸಂಗತಿ ಸುತ್ತಲಿನ ಮಕ್ಕಳಿಗೆ ಕೊಟ್ಟ ಧೈರ್ಯವನ್ನು ಕಡಿಮೆ ಎನ್ನಲಾಗದು. 'ಕೆಜಿಎಫ್'ನ ಹಿನ್ನೆಲೆಯ ಲೋಹದ ಪೆಟ್ಟು, ನೆಲ ಅದುರಿಸುವ ಮಂದ್ರ ಇಷ್ಟವಾದವರಿಗೆ ಅದರ ಬಂಧುಗಳು ಹೊರಗೂ ಇದ್ದಾರೆ ಎಂದು ಯಾರಾದರೂ ಹೇಳಬೇಕು. 1980ರಲ್ಲಿ ಬರ್ಲಿನ್ನಿನಲ್ಲಿ ಶುರುವಾದ ಐನ್‌ಸ್ಟುರ್ಸೆಂಡೆ ನೊಯ್‌ಬೌಟನ್ ತಂಡ ಗುಜರಿಯ ಲೋಹ, ಕೊರೆಯುವ ಯಂತ್ರಗಳನ್ನೇ ವಾದ್ಯ ಮಾಡಿಕೊಂಡಿತ್ತು. ಕೆರಾಡಿಯ ರಿಷಬ್ ಶೆಟ್ಟರ 2022ರ 'ಕಾಂತಾರ', ಅಜನೀಶ್ ಲೋಕನಾಥ್ ಸಂಗೀತದಲ್ಲಿ, ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಜನ ಥಿಯೇಟರಿನಿಂದ ಹೊತ್ತು ತಂದದ್ದರಲ್ಲಿ ಹಾಡಿನಷ್ಟೇ ದೈವದ ಆ ಕೂಗೂ ಇತ್ತು. ರಾಗವೂ ಮಾತೂ ಅಲ್ಲದ ಒಂದು ಬರಿಯ ಸದ್ದು ಲಕ್ಷಾಂತರ ಜನರ ಮೈ ನಡುಗಿಸಿತು.

ಆ ಕೂಗಿನ ಅಣಕು ಬೀದಿಬೀದಿಯಲ್ಲಿ ಶುರುವಾಗಿ, ಹಾಗೆ ಮಾಡಬೇಡಿ ಎಂದು ಚಿತ್ರತಂಡವೇ ಕೇಳಿಕೊಳ್ಳಬೇಕಾಯಿತು. ಎಲೆಕ್ಟ್ರಾನಿಕ್ ಸಂಗೀತ ಮಾಡಹೊರಟ ಇಲ್ಲಿನ ಪ್ರತಿಯೊಬ್ಬರೂ ಇಲ್ಲಿ ನಿಂತು ಯೋಚಿಸಬೇಕು. ಸ್ಯಾಂಪಲ್ ಎಂದರೆ ಇನ್ನೊಬ್ಬರ ಸದ್ದನ್ನು ಕತ್ತರಿಸಿ ತಂದು ನಮ್ಮ ಕೃತಿಯಲ್ಲಿ ಬಳಸುವುದು. ಕೊರಗರ ಡೋಲಿನ ಹಿಂದೆ ಅವಮಾನದ ಚರಿತ್ರೆ ಇದೆ. ಅವರನ್ನು ಬಲವಂತದ ಚಾಕರಿಗೆ, ಡೋಲು ಬಡಿಯಲು ನೂಕುತ್ತಿದ್ದ ಅಜಲು ಪದ್ಧತಿಯನ್ನು ಕರ್ನಾಟಕ ಕಾನೂನಿನಿಂದ ನಿಷೇಧಿಸಿದ್ದು 2000ದಲ್ಲಿ. ಆ ಡೋಲನ್ನು ಕೇಳದೆ ಕದ್ದು ಲೂಪ್ ಮಾಡಿ ಪಾರ್ಟಿಗೆ ಹಾಕುವುದು ಹೊಸ ರೂಪದ ಚಾಕರಿಯೇ. ನುಡಿಸುವವರ ಒಪ್ಪಿಗೆ, ಹೆಸರು, ಪಾಲು, ಈ ಮೂರೂ ಇಲ್ಲದ ಸ್ಯಾಂಪಲ್ ಬೇಡ. ನಾಗಮಂಡಲದ ಡಕ್ಕೆ, ದೈವದ ನುಡಿ ಮೊದಲಾದವನ್ನು ಒಪ್ಪಿಗೆ ಸಿಕ್ಕರೂ ಮುಟ್ಟಬೇಕೇ ಎಂಬುದು ಬೇರೆಯೇ ಪ್ರಶ್ನೆ, ಮುಟ್ಟಬಾರದೆಂದು ನನ್ನ ಅಭಿಪ್ರಾಯ. ಮುಟ್ಟಬಹುದಾದ ಸದ್ದುಗಳಿಗೆ ಬರವೇನಿಲ್ಲ. ಗಂಗೊಳ್ಳಿ ಬಂದರಿನ ಬೋಟುಗಳು, ಹೆಂಚಿನ ಕಾರ್ಖಾನೆ, ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಮೊರೆಯುವ ಕಡಲು, ಇನ್ನೊಂದು ಬದಿಗೆ ಸದ್ದೇ ಇಲ್ಲದೆ ಹರಿಯುವ ಸೌಪರ್ಣಿಕೆ. ಶೆಫರ್‌ಗೆ ಸಿಕ್ಕಿದ್ದು ಪ್ಯಾರಿಸ್ಸಿನ ರೈಲು ನಿಲ್ದಾಣ ಮಾತ್ರ.

ಕರ್ನಾಟಕದಲ್ಲಿ ಈ ಸಂಗೀತವನ್ನು ಕಣ್ಣೆದುರು ಕೇಳಬೇಕೆಂದರೆ ಈಗಲೂ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಬೇಕು. ಅಲ್ಲಿ ತನ್ವಿ ರಾವ್ ಮತ್ತು ರಾಹುಲ್ ಗಿರಿಯವರ ಸಲ್ಕ್ ಸ್ಟೇಷನ್ ಜೋಡಿ 2012ರಲ್ಲೇ ಹಿಂದೂಸ್ತಾನಿ ಗಾಯನದ ಛಾಯೆಯನ್ನು ನಿಧಾನದ ಎಲೆಕ್ಟ್ರಾನಿಕ್ ಲಯಕ್ಕೆ ಬೆರೆಸಿ ಆಲ್ಬಮ್ ತಂದಿತ್ತು. ಭಾವಗೀತೆಗಳಿಂದ ಕನ್ನಡಿಗರಿಗೆ ಪರಿಚಿತರಾದ ಎಂ.ಡಿ. ಪಲ್ಲವಿ ಜರ್ಮನಿಯ ಆಂಡಿ ಓಟ್ಟೊ ಜೊತೆ ಹಾಡಿದ್ದಾರೆ. ಆತ ಸೆಲ್ಲೊ ವಾದ್ಯದ ಕಮಾನಿಗೆ ಸೆನ್ಸರ್ ಕಟ್ಟಿ, ಕೈಯ ಚಲನೆಯಿಂದಲೇ ಸದ್ದನ್ನು ತಿರುಚುತ್ತಾನೆ. ಉಮಾಶಂಕರ್ ಮಂತ್ರವಾಡಿಯವರು ತಾವೇ ಮೈಕುಗಳನ್ನು ಮಾಡಿಕೊಂಡು ಪ್ರಾಚೀನ ರಂಗಸ್ಥಳಗಳಲ್ಲಿ ಸದ್ದು ಹೇಗೆ ಹರಡುತ್ತಿತ್ತೆಂದು ಅಳೆದವರು, ಅವರ ಕೆಲಸವನ್ನು ಆಧರಿಸಿ 2020ರಲ್ಲಿ ಬರ್ಲಿನ್ನಿನಲ್ಲಿ ಪ್ರದರ್ಶನವೇ ನಡೆಯಿತು. ಅಮೆರಿಕದ ಉಕ್ಕಿನ ಕಾರ್ಖಾನೆಯಲ್ಲಿ ದುಡಿಯುತ್ತಲೇ ಸಂಗೀತ ಮಾಡುತ್ತಿದ್ದ ಜ್ಲಿನ್ 2017ರಲ್ಲಿ ತಂದ 'ಬ್ಲ್ಯಾಕ್ ಒರಿಗಾಮಿ' ಆಲ್ಬಮ್ಮಿಗೆ ಬೆಂಗಳೂರಿನ ನೃತ್ಯಪಟು ಏವ್ರಿಲ್ ಸ್ಟಾರ್ಮಿ ಉಂಗರ್ ಅವರ ಒಡನಾಟ ಪ್ರೇರಣೆ. ಚಂಡೆ ಕಲಿಯುವ ಹುಡುಗನಿಗೆ ಮೊದಲು ಕೇಳಿಸಬೇಕಾದ ಎಲೆಕ್ಟ್ರಾನಿಕ್ ಸಂಗೀತ ಯಾವುದೆಂದು ಯಾರಾದರೂ ಕೇಳಿದರೆ ನಾನು ಈ ಆಲ್ಬಮನ್ನೇ ಹೇಳುವೆ. ಅದರಲ್ಲಿ ಪೆಟ್ಟುಗಳೇ ಎಲ್ಲ, ರಾಗದ ಆಸರೆ ಬಹಳ ಕಡಿಮೆ, ಮುಕ್ತಾಯದ ಹತ್ತಿರ ಬಂದು ಮತ್ತೆ ತಪ್ಪಿಸಿಕೊಂಡು ಹೋಗುವ ಲೆಕ್ಕ.

2016ರಲ್ಲಿ ಜಿಯೊ ಬಂದ ಮೇಲೆ ಕೊಲ್ಲೂರಿನ ಘಟ್ಟದ ಬುಡದ ಹುಡುಗಿಗೂ ಇವೆಲ್ಲ ಫೋನಿನಲ್ಲಿ ಸಿಗುತ್ತವೆ ಎಂಬುದು ಅರ್ಧ ಸತ್ಯ. ಸಿಗುತ್ತವೆ, ಆದರೆ ಹೆಸರು ಗೊತ್ತಿದ್ದರೆ. ನಿನ್ನೆ ಕೇಳಿದಂಥದ್ದನ್ನೇ ಇವತ್ತೂ ಮುಂದಿಡುವುದು ಆಪ್‌ಗಳ ಸ್ವಭಾವ. ಸಿನಿಮಾ ಹಾಡು ಕೇಳಿದವರನ್ನು ಅವು ರಾಡಿಗ್ ಬಳಿಗೆ ಕರೆದೊಯ್ಯುವುದಿಲ್ಲ. ಬ್ಯಾಂಡ್‌ಕ್ಯಾಂಪ್‌ನಂಥ ತಾಣದಲ್ಲಿ ಊರಿನ ಹೆಸರು, ಬಗೆಯ ಹೆಸರು ಹಿಡಿದು ಹುಡುಕಬಹುದು, ಹಣ ನೇರವಾಗಿ ಕಲಾವಿದರಿಗೆ ಹೋಗುವುದೂ ಅಲ್ಲೇ ಹೆಚ್ಚು. ಅಲ್ಲಿನ ವಿವರಗಳೆಲ್ಲ ಇಂಗ್ಲಿಷಿನಲ್ಲಿವೆ. ಸಿನಿಮಾ ಸಂಗೀತ, ಶಾಸ್ತ್ರೀಯ ಸಂಗೀತಗಳ ಬಗ್ಗೆ ಕನ್ನಡದಲ್ಲಿ ಒಳ್ಳೆಯ ವಿಮರ್ಶೆ ಇದೆ, ಈ ಸಂಗೀತದ ಬಗ್ಗೆ ಬರೆದದ್ದು ತೀರ ಅಪರೂಪ. ಇನ್ನೊಂದು ತೊಡಕು ಬರೀ ಭೌತಿಕವಾದದ್ದು. ಫೋನಿನ ಸ್ಪೀಕರಿನಲ್ಲಿ ಮಂದ್ರವೇ ಇರುವುದಿಲ್ಲ. ಡಬ್ ಅಥವಾ ಟೆಕ್ನೊವನ್ನು ಅದರಲ್ಲಿ ಕೇಳಿ ಹಿಡಿಸಲಿಲ್ಲ ಎಂದವರು ಸಂಗೀತದ ಅರ್ಧ ಭಾಗವನ್ನು ಕೇಳಿಯೇ ಇಲ್ಲ.

ಆಫ್ರಿಕಾದ ಒಂದು ಸಂಗತಿ ನನಗೆ ಭರವಸೆ ಕೊಡುತ್ತದೆ. ತಾಂಜಾನಿಯದ ದಾರ್ ಎಸ್ ಸಲಾಮ್ ನಗರದ ಬಡ ಕೇರಿಗಳಲ್ಲಿ, ಬೀದಿ ಮದುವೆ ಕೂಟಗಳಿಗಾಗಿ, ಅಗ್ಗದ ಕಂಪ್ಯೂಟರಿನಲ್ಲಿ ಹುಡುಗರು ಮಾಡುತ್ತಿದ್ದ ಸಿಂಗೇಲಿ ಎಂಬ ಅತಿವೇಗದ ಸಂಗೀತವನ್ನು ಉಗಾಂಡದ ನ್ಯೆಗೆ ನ್ಯೆಗೆ ಟೇಪ್ಸ್ 2017ರಲ್ಲಿ ಆಲ್ಬಮ್ ಮಾಡಿತು, ಯುರೋಪಿನ ಪ್ರಯೋಗಶೀಲ ವೇದಿಕೆಗಳು ಅದನ್ನು ಬೆರಗಿನಿಂದ ಕೇಳಿದವು. ಆ ಹುಡುಗರು ಬರ್ಲಿನ್ನನ್ನು ಅನುಕರಿಸಲಿಲ್ಲ, ಮದುವೆಯ ಮನೆಗೆ ಬೇಕಾದ್ದನ್ನೇ ಇನ್ನಷ್ಟು ವೇಗವಾಗಿ, ಇನ್ನಷ್ಟು ಹುಚ್ಚಾಗಿ ಮಾಡಿದರು. ನಮ್ಮ ಮೆಹಂದಿಯ ಡಿಜೆಗಳಿಗೂ ಆ ದಾರಿಗೂ ನಡುವೆ ಇರುವ ಅಂತರ ಹಣದ್ದಲ್ಲ. ಯಂತ್ರ ಇದೆ, ಕುಣಿಯುವ ಜನ ಇದ್ದಾರೆ. ರೀಮಿಕ್ಸ್ ಬಿಟ್ಟು ತಮ್ಮದೇ ಒಂದು ಲಯ ಕಟ್ಟಿದರೆ ಕೇಳುತ್ತೇವೆ ಎನ್ನುವ ನಾಲ್ಕು ಜನ ಬೇಕಾಗಿದ್ದಾರೆ.

ಆ ನಾಲ್ಕು ಜನರನ್ನು ಕೂಡಿಸಲು ದೊಡ್ಡ ಏರ್ಪಾಡೇನೂ ಬೇಕಿಲ್ಲ. ಕೋಟತಟ್ಟುವಿನಲ್ಲಿ ಕಾರಂತರ ಹೆಸರಿನ ಥೀಮ್ ಪಾರ್ಕ್ ಇದೆ, ಕುಂದಾಪುರದಲ್ಲಿ ಭಂಡಾರ್ಕಾರ್ಸ್‌ನಂಥ ಕಾಲೇಜುಗಳಿವೆ. ತಿಂಗಳಿಗೊಂದು ಸಂಜೆ, ರಾತ್ರಿ ಹತ್ತರೊಳಗೆ, ಬರೀ ಕೇಳುವ ಕೂಟ. ಊರಿನ ಮೈಕಿನವರನ್ನೇ ಕರೆದರೆ ಬಾಕ್ಸ್ ಅವರೇ ತರುತ್ತಾರೆ, ಅವರಿಗೆ ಬಾಡಿಗೆ ಕೊಡಬೇಕು, ಮುಂದಿನ ಸಾಲಿನಲ್ಲಿ ಕುರ್ಚಿಯನ್ನೂ ಕೊಡಬೇಕು. ಉಡುಪಿ ಎಂ.ಜಿ.ಎಂ. ಕಾಲೇಜಿನ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರದ ಸಂಗ್ರಹದಿಂದ ಹಳೆಯ ಧ್ವನಿಮುದ್ರಣವೊಂದನ್ನು ಕೇಳಿ ತರಬಹುದು. ಮೊದಲ ಸಂಜೆಗೆ ಆಯ್ಕೆ ಮಾಡು ಎಂದರೆ ನನ್ನ ಪಟ್ಟಿ ಸಿದ್ಧವಿದೆ. ಶುರುವಿಗೆ ಮನೆಮನೆಯಲ್ಲಿ ಕೂಡಿಟ್ಟ ಟೇಪುಗಳಿಂದ ನಾವಡರ ಒಂದು ಪದ, ಬುಸುಗುಡುವಿಕೆಯ ಸಮೇತ. ಆಮೇಲೆ ಅಹಮದಾಬಾದಿನ ಜೋಶಿಪುರ ಆ ಎಳೆ ವಯಸ್ಸಿನಲ್ಲಿ ಮಾಡಿದ 'ಸ್ಪೇಸ್ ಲೈನರ್ 2001', ಅದರ ಬೆನ್ನಿಗೆ ಚರಣ್‌ಜಿತ್ ಸಿಂಗರ ತೋಡಿ. ಕೊನೆಗೆ ಜ್ಲಿನ್, ಪೂರ್ತಿ ಶಬ್ದದಲ್ಲಿ, ಚಂಡೆಯವರನ್ನು ಎದುರು ಕೂರಿಸಿಕೊಂಡು. ಅವಳ ಲೆಕ್ಕ ಎಲ್ಲಿ ತಪ್ಪಿತು, ಎಲ್ಲಿ ಕೂತಿತು ಎಂದು ಅವರು ಹೇಳಲಿ.